ತಾರಾಸ್ತಮಾನ ಪ್ರಕರಣ: ಭದ್ರಾವತಿ ಪಾಠ

ಮುಪ್ಪಡರಿದ ತಾರಾ ಆಟಗಾರನೆಂದರೆ ಯಾರು? ಶಾಸ್ತ್ರಕ್ಕೆ ಮೊದಲು ಲಕ್ಷಣ ಬೇಕು. ಮೂವತ್ತೈದು ದಾಟಿದವನು ಎಂದರೆ ಅವ್ಯಾಪ್ತಿ, ಮೂವತ್ಮೂರಕ್ಕೇ ಮುಗಿದವರು ಹೊರಗುಳಿಯುತ್ತಾರೆ. ಫಾರ್ಮ್ ಕಳೆದುಕೊಂಡವನು ಎಂದರೆ ಅತಿವ್ಯಾಪ್ತಿ, ಇಪ್ಪತ್ತೆರಡರ ಹುಡುಗರೂ ಒಳಗೆ ಬೀಳುತ್ತಾರೆ. ಶಿವಮೊಗ್ಗದ ಆಚಾರ್ಯರು, ಅಂದರೆ ನೆಹರೂ ಸ್ಟೇಡಿಯಂ ಮೆಟ್ಟಿಲ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತವರು, ಒಪ್ಪಿರುವ ಲಕ್ಷಣ ಒಂದೇ: ಶಾಲು. ಆಟಕ್ಕೆ ಇಳಿಯುವ ಮೊದಲೇ ಯಾರ ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ ಬರುತ್ತದೋ ಅವನ ಕಥೆ ಮುಗಿಯಿತೆಂದೇ ತಿಳಿಯತಕ್ಕದ್ದು. ಹಾಗಾದರೆ ಶಾಸಕರಿಗೆ ದಿನಕ್ಕೆ ನಾಲ್ಕು ಶಾಲು ಬೀಳುತ್ತವಲ್ಲ ಎಂಬುದು ಪೂರ್ವಪಕ್ಷ. ಅವರು ಆಟ ಬಿಡುವ ಪೈಕಿ ಅಲ್ಲವಾದ್ದರಿಂದ ಈ ಶಾಸ್ತ್ರಕ್ಕೆ ವಿಷಯವೇ ಅಲ್ಲ ಎಂಬುದು ಸಿದ್ಧಾಂತ.

ಇನ್ನು ಭೇದಗಳು. ತಾನಾಗಿ ಮುಳುಗುವವನು ಸ್ವಯಮಸ್ತ. ಮುಳುಗಿಸಲ್ಪಡುವವನು ಪರಾಸ್ತ. ಇಲ್ಲಿ ಮುಳುಗಿ ಇನ್ನೊಂದು ಕಡೆ ಏಳುವವನು ಅನ್ಯತ್ರೋದಿತ.

ಸ್ವಯಮಸ್ತರ ಬಗ್ಗೆ ಹೇಳುವುದು ಕಡಿಮೆ. ಸಭ್ಯರ ಬಗ್ಗೆ ಹರಟೆ ಬೆಳೆಯುವುದಿಲ್ಲ. ಅನಿಲ್ ಕುಂಬ್ಳೆ 2008ರ ನವೆಂಬರ್‌ನಲ್ಲಿ, ಕೈಬೆರಳಿಗೆ ಪೆಟ್ಟು ಬಿದ್ದ ದೆಹಲಿ ಟೆಸ್ಟಿನಲ್ಲೇ ಸಾಕು ಎಂದರು. ರಾಹುಲ್ ದ್ರಾವಿಡ್ 2012ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪತ್ರಕರ್ತರನ್ನು ಕರೆದು ಹೇಳಿ ಮನೆಗೆ ಹೋದರು. ಆದರೆ ಇದೇ ದ್ರಾವಿಡ್ ಅದಕ್ಕೆ ಒಂದು ವರ್ಷ ಮುಂಚೆ ಐಪಿಎಲ್ ಹರಾಜಿನಲ್ಲಿ ಬೆಂಗಳೂರು ಬಿಟ್ಟು ರಾಜಸ್ಥಾನದ ಪಾಲಾಗಿದ್ದರು. ಒಬ್ಬನೇ ಎರಡು ವರ್ಗದಲ್ಲಿ! ಶಾಸ್ತ್ರಕಾರನಿಗೆ ಇಂಥವರಿಂದಲೇ ತಲೆನೋವು.

ಅನ್ಯತ್ರೋದಿತರನ್ನು ನಮ್ಮ ಕಡೆ ಸರಳವಾಗಿ 'ಟ್ರಾನ್ಸ್‌ಫರ್ ಕೇಸು' ಅನ್ನುತ್ತಾರೆ. ಜಿಲ್ಲಾ ಕೇಂದ್ರದ ಜನಕ್ಕೆ ವರ್ಗಾವಣೆ ಅರ್ಥವಾಗುವಷ್ಟು ನಿವೃತ್ತಿ ಅರ್ಥವಾಗುವುದಿಲ್ಲ. ಪಕ್ಕದ ದಾವಣಗೆರೆಯ ವಿನಯ್ ಕುಮಾರ್ ಕರ್ನಾಟಕಕ್ಕೆ ಎರಡು ಸಲ ರಣಜಿ ಗೆದ್ದುಕೊಟ್ಟ ನಾಯಕ. 2019ರಲ್ಲಿ ಪುದುಚೇರಿಗೆ ಹೋದರು. ತ್ರಿಶತಕದ ಕರುಣ್ ನಾಯರ್ 2023ರಲ್ಲಿ ವಿದರ್ಭಕ್ಕೆ ಹೋಗಿ, ಅಲ್ಲಿ ರನ್ ಗುಡ್ಡೆ ಹಾಕಿ, 2025ರಲ್ಲಿ ಭಾರತ ತಂಡಕ್ಕೇ ಮರಳಿದರು. ಅಮೆರಿಕದ ಫುಟ್‌ಬಾಲ್‌ನಲ್ಲಿ ಬ್ರೆಟ್ ಫಾರ್ವ್ ಎಂಬ ಕ್ವಾರ್ಟರ್‌ಬ್ಯಾಕ್ 2008ರ ಮಾರ್ಚ್‌ನಲ್ಲಿ ಕಣ್ಣೀರು ಹಾಕಿ ನಿವೃತ್ತನಾಗಿ, ಜುಲೈಗೆ ಮನಸ್ಸು ಬದಲಿಸಿದಾಗ, ಹಳೇ ತಂಡ ಅವನನ್ನು ಆಗಸ್ಟ್‌ನಲ್ಲಿ ನ್ಯೂಯಾರ್ಕಿಗೆ ಸಾಗಹಾಕಿತು. ಇದರ ಉಪಭೇದ ಅವಿಕ್ರೀತ. ಕಬಡ್ಡಿಯ ಪ್ರದೀಪ್ ನರ್ವಾಲ್ ಬೆಂಗಳೂರು ಬುಲ್ಸ್‌ಗೆ ಆಡಿದ ಮರುವರ್ಷ, 2025ರ ಹರಾಜಿನಲ್ಲಿ ಯಾರಿಗೂ ಬೇಡವಾಗಿ ಆಟ ಬಿಟ್ಟರು. ಅಂದಹಾಗೆ, ಕರ್ನಾಟಕದ ಟಿ20 ಲೀಗ್ ಮಹಾರಾಜ ಟ್ರೋಫಿಯಲ್ಲಿ ಶಿವಮೊಗ್ಗ ಲಯನ್ಸ್ ಎಂಬ ತಂಡವುಂಟು. ಅದರ ಪಂದ್ಯಗಳನ್ನು ನೋಡಬೇಕಾದರೆ ಬೆಂಗಳೂರಿಗೋ ಮೈಸೂರಿಗೋ ರೈಲು ಹತ್ತಬೇಕು. ಇಡೀ ತಂಡವೇ ಅನ್ಯತ್ರೋದಿತ.

ಪರಾಸ್ತ ವರ್ಗಕ್ಕೆ ಮಾತ್ರ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರುವರಿ 12ರಂದು, ಭದ್ರಾವತಿಯಲ್ಲಿ. ಆಟ ಕುದುರಿದ್ದು ಬೆಂಗಳೂರಿನಲ್ಲಲ್ಲವೇ ಎಂಬ ಆಕ್ಷೇಪವಿದೆ. ಭದ್ರಾವತಿಯವರಿಗೆ ಅದು ಕೇಳಿಸುವುದಿಲ್ಲ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್: ಮೊದಲು ಸೊನ್ನೆ, ಆಮೇಲೆ 137. ಒಟ್ಟು 91 ಟೆಸ್ಟ್, 6080 ರನ್, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ.

ಬ್ಯಾಟಿಗೆ ತಾಗಿತೆಂದು ತಮಗೇ ಗೊತ್ತಾದರೆ ಅಂಪೈರ್ ಬೆರಳಿಗೆ ಕಾಯದೆ ನಡೆದುಬಿಡುವ ಜಾಯಮಾನ ಅವರದು. 1980ರ ಫೆಬ್ರುವರಿಯಲ್ಲಿ ಬೊಂಬಾಯಿಯಲ್ಲಿ ಇಂಗ್ಲೆಂಡ್ ಎದುರು ಸುವರ್ಣ ಮಹೋತ್ಸವ ಟೆಸ್ಟ್. ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್‌ನನ್ನು, ಔಟಲ್ಲ ಬಾರಯ್ಯ ಅಂತ ನಾಯಕ ವಿಶ್ವನಾಥರೇ ವಾಪಸ್ ಕರೆದರು. ಆಸಾಮಿ ಬೋಥಮ್ ಜತೆ 171 ರನ್ ಜೋಡಿಸಿದ. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಇಂಥವರು ಸ್ವಯಮಸ್ತ ವರ್ಗದ ಶಿಖರದಲ್ಲಿರಬೇಕಿತ್ತು. ಕ್ರೀಸ್ ಬಿಡಲು ಯಾರಿಗೂ ಕಾಯದವರು ತಂಡ ಬಿಡಲು ಮಾತ್ರ ಆಯ್ಕೆಗಾರರಿಗೆ ಕಾದದ್ದು ಹೇಗೆ?

ಈ ಪ್ರಶ್ನೆಯೇ ಪ್ರಕರಣದ ತಿರುಳು. ಚೆಂಡು ತಾಗಿದ್ದು ಕೈಗೆ ತಿಳಿಯುತ್ತದೆ. ವಯಸ್ಸು ತಾಗಿದ್ದನ್ನು ತಿಳಿಸುವ ಅಂಗ ಶರೀರದಲ್ಲಿಲ್ಲ. ವಿಶ್ವನಾಥ್ ತಂಡದಿಂದ ಹೊರಬೀಳುವ ವರ್ಷದ ಹಿಂದಷ್ಟೇ, 1982ರ ಜನವರಿಯಲ್ಲಿ, ಮದ್ರಾಸಿನಲ್ಲಿ ಇಂಗ್ಲೆಂಡ್ ಎದುರು 222 ಹೊಡೆದಿದ್ದರು. ಇನ್ನೂರ ಇಪ್ಪತ್ತೆರಡು ಹೊಡೆದವನಿಗೆ ಮನೆಗೆ ನಡಿ ಅಂತ ಯಾವ ನಾಡಿ ಹೇಳೀತು? 1983ರ ಶುರುವಿನಲ್ಲಿ ಪಾಕಿಸ್ತಾನ ಪ್ರವಾಸ ಕೆಟ್ಟಿತು, ಕರಾಚಿಯ ಟೆಸ್ಟೇ ಕೊನೆಯದಾಯಿತು. ಇನ್ನೂ ಮೂವತ್ತನಾಲ್ಕು ತುಂಬಿರಲಿಲ್ಲ. 1975, 1979 ಎರಡೂ ವಿಶ್ವಕಪ್ ಆಡಿದ್ದವರು, ಅದೇ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಕಪ್ ಎತ್ತಿದ ತಂಡದಲ್ಲಿರಲಿಲ್ಲ. ಕರ್ನಾಟಕಕ್ಕೆ ಮಾತ್ರ 1988ರವರೆಗೂ ಆಡಿದರು. ಈ ಐದು ವರ್ಷವನ್ನು ಶಾಸ್ತ್ರದಲ್ಲಿ ಸಂಧ್ಯಾಕಾಲ ಅನ್ನಬೇಕು. ಶಾಲು ಹೊದಿಸಿದ ಮೇಲೂ ಬ್ಯಾಟ್ ಕೆಳಗಿಡದ ಕಾಲ. ನನಗೆ ಕೇಳಿದರೆ ಅದೇ ಹೆಚ್ಚು ಚೆಂದ.

ಭದ್ರಾವತಿಯಲ್ಲಿ ಈ ಶಾಸ್ತ್ರ ಇಷ್ಟು ಆಳಕ್ಕಿಳಿಯಲು ನಿಜವಾದ ಕಾರಣ ಕ್ರಿಕೆಟ್ಟಲ್ಲ, ಕಾರ್ಖಾನೆ. 'ವಿಆರ್‌ಎಸ್' (ಸ್ವಯಂನಿವೃತ್ತಿ) ಇಲ್ಲಿ ಅಜ್ಜಿಯರ ಬಾಯಲ್ಲೂ ಸಲೀಸು. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಿಐಎಸ್‌ಎಲ್ ಈ ಸೀಮೆಯ ಅತಿ ಹಿರಿಯ ತಾರೆ. 1998ರಲ್ಲಿ ಕೇಂದ್ರದ ಉಕ್ಕು ಕಂಪನಿ ಸೈಲ್‌ನೊಳಗೆ ವಿಲೀನವಾಗಿ ಅನ್ಯತ್ರೋದಿತವಾಯಿತು. ಆಮೇಲೆ ಮಾರಾಟಕ್ಕಿಟ್ಟರು, ಕೊಳ್ಳುವವರು ಗಟ್ಟಿಯಾಗಲಿಲ್ಲ, ಅವಿಕ್ರೀತ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು, ಪರಾಸ್ತ. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು, ಅದೇ ಆಗಸ್ಟ್‌ನಲ್ಲಿ ಒಂದಷ್ಟು ಉತ್ಪಾದನೆ ಮತ್ತೆ ಶುರುವಾಯಿತು. ಇದು ಯಾವ ವರ್ಗವೋ ಭಾಷ್ಯಕಾರರು ಬಂದು ಹೇಳಲಿ.

ಉಳಿದದ್ದು ಟೆನಿಸ್ ಬಾಲ್ ಪಂಗಡ. ಇವರಿಗೆ ಪತ್ರಿಕಾಗೋಷ್ಠಿ ಇಲ್ಲ, ಹರಾಜಿಲ್ಲ. ಕರೆಯುವ ಮಾತಿನಲ್ಲೇ ಎಲ್ಲ ಗೊತ್ತಾಗುತ್ತದೆ. 'ಮಗಾ' ಹೋಗಿ 'ಗುರು', 'ಗುರು' ಹೋಗಿ 'ಅಣ್ಣ'. ಬಹುವಚನ ಬಂತೆಂದರೆ ಬ್ಯಾಟಿಂಗ್ ಕ್ರಮದಲ್ಲಿ ಒಂದು ಮೆಟ್ಟಿಲು ಇಳಿದಂತೆ. ಭಾನುವಾರ ಬೆಳಗ್ಗೆ ಭದ್ರಾವತಿಯ ಕನಕ ಮಂಟಪದ ಮೈದಾನದಲ್ಲಿ ನಿಂತರೆ ಸಾಕು. ಮಂಡಿಗೆ ನೀ ಕ್ಯಾಪ್, ಮೈಯೆಲ್ಲ ನೋವಿನ ಮುಲಾಮಿನ ವಾಸನೆ, ನಲವತ್ತು ದಾಟಿದ ಓಪನರ್. ಹುಡುಗ ಕ್ಯಾಪ್ಟನ್ ಹತ್ತಿರ ಬಂದು ನೆಲ ನೋಡುತ್ತ ಹೇಳುತ್ತಾನೆ:

"ಅಣ್ಣ, ನೀವು ಫೈನಲ್‌ಗೆ ಇರಿ. ಲೀಗ್ ಮ್ಯಾಚ್ ನಾವು ನೋಡ್ಕೋತೀವಿ."

"ನಾನಿಲ್ದೆ ಫೈನಲ್‌ಗೆ ಹೆಂಗ್ ಬರ್ತೀರೋ?"

ಅಂದವನೇ ಕಿಟ್ ಎತ್ತಿಕೊಂಡು ಶಿವಮೊಗ್ಗದ ಟೀಮಿನ ಶಾಮಿಯಾನದತ್ತ ಹೊರಡುತ್ತಾನೆ. ಅವರಿಗೆ ಅವತ್ತು ಒಬ್ಬ ಕಮ್ಮಿ.

"ಓಪನಿಂಗ್ ಆಡ್ತೀಯಾ, ಒನ್ ಡೌನಾ?" ಅಂತ ಅವರು ಕೇಳುತ್ತಾರೆ, ಏಕವಚನದಲ್ಲಿ.