ಡಿಕ್ಕಿಗೆ ಸಿದ್ಧವಾದ ಜೀಪು

ಅಮೆರಿಕದಲ್ಲಿ ಡೆಮಾಲಿಷನ್ ಡರ್ಬಿ ಅಂತೊಂದು ಆಟ. ಹಳೇ ಕಾರುಗಳು ಪರಸ್ಪರ ಗುದ್ದಾಡಬೇಕು. ಕೊನೆಗೆ ಅಲುಗಾಡುವ ಕಾರೇ ಗೆದ್ದಂತೆ. ಅದಕ್ಕೂ ಮಡಿ-ಮೈಲಿಗೆ ಬಹಳ: ಗಾಜೆಲ್ಲ ಕಿತ್ತಿರಬೇಕು, ಬಾಗಿಲಿಗೆ ವೆಲ್ಡಿಂಗ್ ಇಲ್ಲವೇ ಸರಪಳಿ ಬೇಕು, ಮೂಲ ಪೆಟ್ರೋಲ್ ಟ್ಯಾಂಕ್ ತೆಗೆದು ಚಿಕ್ಕದೊಂದನ್ನು ಒಳಗೆ ಭದ್ರವಾಗಿ ಬಿಗಿಯಬೇಕು.

ಶಿರಸಿ-ಸಿದ್ದಾಪುರದ ಅಡಿಕೆ ತೋಟಗಳಿಗೆ ಗೊಬ್ಬರ ಹೊರುವ ಮುದಿ ಜೀಪುಗಳು ಈ ತಪಾಸಣೆಯಲ್ಲಿ ಅರ್ಧ ಪಾಸು. ಗಾಜು ಎಂದೋ ಹೋಗಿದೆ, ಬಾಗಿಲಿಗೆ ನೈಲಾನ್ ಹಗ್ಗ, ಡೀಸೆಲ್ಲು ಸೀಟಿನ ಪಕ್ಕದ ಕ್ಯಾನಿನಲ್ಲಿ. "ಬ್ರೇಕು ಹಿಡೀತ ಭಾವಾ?" ಅಂದರೆ, "ಏರು ಹತ್ತಕಾರೆ ಎಂತಕ್ಕೆ?"

ಡರ್ಬಿಯಲ್ಲಿ ಡ್ರೈವರ್ ಬಾಗಿಲಿಗೆ ಗುದ್ದುವುದು ನಿಷಿದ್ಧ. ಯಲ್ಲಾಪುರದಾಚೆ ಅರಬೈಲ್ ಘಟ್ಟದ ತಿರುವಿನಲ್ಲಿ ಎದುರಾಗುವ ಲಾರಿಗೆ ಆ ನಿಯಮ ಗೊತ್ತಿಲ್ಲ. ಜೀಪಿನ ಯಜಮಾನರೇ, ಘಟ್ಟ ಇಳಿಯುವ ಮುನ್ನ ಬ್ರೇಕನ್ನಾದರೂ ರಿಪೇರಿ ಮಾಡಿಸಿ.