ಅಜ್ಜನ ಮನೆಗೆ ಡಾಲರ್ ಬೀಗ

ಡಿಸೆಂಬರ್ ಬಂತೆಂದರೆ ನಮ್ಮ ಮಲೆನಾಡಿನ ತಾಲ್ಲೂಕು ಕಚೇರಿಗಳ ಮೆಟ್ಟಿಲ ಮೇಲೆ ಪಾದರಕ್ಷೆಗಳ ಜಾತಿ ಬದಲಾಗುತ್ತದೆ. ಹವಾಯಿ ಚಪ್ಪಲಿಗಳ ನಡುವೆ ದಪ್ಪ ಅಟ್ಟೆಯ, ಬೆಟ್ಟ ಹತ್ತುವ ಬೂಟುಗಳು ಕಾಣಿಸಿಕೊಳ್ಳುತ್ತವೆ. ಅವು ಹತ್ತುವುದು ಬೆಟ್ಟವನ್ನಲ್ಲ, ಮೊದಲ ಮಹಡಿಯನ್ನು. ಕೈಯಲ್ಲಿ ನೀರಿನ ಬಾಟಲಿ, ಬಗಲಲ್ಲಿ ಫೈಲು, ಪಕ್ಕದಲ್ಲಿ ಭಾವಮೈದ.

ಅಜ್ಜನ ಊರಿನಲ್ಲಿ ಒಂದು ಮನೆ ಮಾಡಬೇಕಂತೆ. ನ್ಯೂಜೆರ್ಸಿಯಲ್ಲಿ ಒಂದಿದೆ. ಬೆಂಗಳೂರಿನಲ್ಲಿ ಫ್ಲಾಟಿದೆ, ಬಾಡಿಗೆಗೆ ಕೊಟ್ಟದ್ದು. ಅದು ಹೂಡಿಕೆ, ಲೆಕ್ಕಕ್ಕಿಲ್ಲ. ಇದು ಹಾಗಲ್ಲವಂತೆ. ಇದು ಬೇರು. ‘ಬೇರು ಹುಡುಕಿಕೊಂಡು ಬಂದಿದ್ದೀನಿ ಸರ್’ ಅನ್ನುತ್ತಾರೆ. ಬೇರು ಎಲ್ಲಿಗೂ ಹೋಗಿರಲಿಲ್ಲ ಸ್ವಾಮಿ. ತಿರುಗಿ ನೋಡದವರು ನೀವು.

ಇವರ ಬೇಡಿಕೆ ಕೇಳಬೇಕು. ಹಲಸಿನ ಮುಂಡಿಗೆಗಳ ಜಗಲಿ ಬೇಕು. ಹಂಡೆ ಒಲೆಯ ಬಚ್ಚಲು ಬೇಕು, ಹೊಗೆ ಬೇಡ. ಕೊಟ್ಟಿಗೆ ಬೇಕು, ದನ ಬೇಡ; ಅಲ್ಲಿ ಯೋಗಕ್ಕೆ ಜಾಗ ಮಾಡುತ್ತಾರಂತೆ. ಮಣ್ಣಿನ ನೆಲ ಬೇಕು, ಅದಕ್ಕೆ ಸಗಣಿ ಸಾರಿಸುವವರು ಯಾರು ಅಂತ ಕೇಳಬಾರದು. ಮಲೆನಾಡಿನ ಮಳೆಯೆಂದರೆ ಪ್ರಾಣವಂತೆ. ಬರುವುದು ಮಾತ್ರ ಡಿಸೆಂಬರ್‌ನಲ್ಲಿ. ಜುಲೈನಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ, ಟವರ್ ಸತ್ತು, ಉಂಬಳಗಳು ಹೊಸಿಲವರೆಗೆ ಬಂದಾಗ ಆ ಪ್ರಾಣ ಎಲ್ಲಿರುತ್ತದೋ ಗೊತ್ತಿಲ್ಲ.

ಇಲ್ಲಿ ಕಾನೂನು ಅಡ್ಡ ಬರುತ್ತದೆ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಎಲ್ಲರ ಬಾಯಲ್ಲೂ ಫೆಮಾ. ಅನಿವಾಸಿ ಭಾರತೀಯರಾಗಲಿ, ಓಸಿಐ ಕಾರ್ಡಿನವರಾಗಲಿ ಇಲ್ಲಿ ವಾಸದ ಮನೆ ಕೊಳ್ಳಬಹುದು. ಅಂಗಡಿ ಮಳಿಗೆ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಇಷ್ಟು ಸ್ಪಷ್ಟವಾದ ಕಾನೂನು ನಮ್ಮಲ್ಲಿ ಅಪರೂಪ.

ಆದರೆ ಮಲೆನಾಡಿನಲ್ಲಿ ಅಜ್ಜನ ಮನೆಯೆಂದರೆ ಬರೀ ನಾಲ್ಕು ಗೋಡೆಯಲ್ಲ. ಮನೆಯ ಹಿಂದೆ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಗದ್ದೆ. ಮನೆ ಮಾತ್ರ ತಗೊಳ್ಳಿ ಅಂದರೆ ಮುಖ ಸಿಂಡರಿಸುತ್ತಾರೆ. ತೋಟವಿಲ್ಲದ ಮನೆ ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ.

ಅದಕ್ಕೇ ಭಾವಮೈದ.

ದುಡ್ಡು ಇವರದು, ಪಹಣಿಯಲ್ಲಿ ಹೆಸರು ಅವನದು. ಇದನ್ನು ಬೇನಾಮಿ ಅನ್ನುತ್ತಾರೆ. 1988ರ ಕಾಯ್ದೆ ಬಹಳ ಕಾಲ ಹಲ್ಲಿಲ್ಲದೆ ಬಿದ್ದಿತ್ತು, 2016ರ ತಿದ್ದುಪಡಿಯಲ್ಲಿ ಹಲ್ಲು ಬಂತು. 1ರಿಂದ 7 ವರ್ಷದವರೆಗೆ ಸಜೆ, ಆಸ್ತಿಯ ಮಾರುಕಟ್ಟೆ ಬೆಲೆಯ ಶೇ. 25ರವರೆಗೆ ದಂಡ, ಮೇಲೆ ಆಸ್ತಿಯೇ ಮುಟ್ಟುಗೋಲು. ಹೇಳಿ ನೋಡಿ, ನಗುತ್ತಾರೆ. ‘ಇಲ್ಲೆಲ್ಲ ಹೀಗೇ ಅಲ್ವಾ ಸರ್?’ ಅಲ್ಲಿ ನಡುರಾತ್ರಿ ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ ಇವರು. ಆ ಶಿಸ್ತು ವಿಮಾನದಿಂದ ಇಳಿಯುವಾಗ ಸೀಟಿನಲ್ಲೇ ಉಳಿದುಹೋಗುತ್ತದೆ. ವಾಪಸು ಹತ್ತಿದಾಗ ಅಲ್ಲೇ ಸಿಗುತ್ತದೆ ಅಂತ ಕಾಣುತ್ತದೆ. ಯಾಕೆಂದರೆ ಅಲ್ಲಿನ ಕನ್ನಡ ಕೂಟದ ವೇದಿಕೆಯಲ್ಲಿ ಇವರದೇ ಭಾಷಣ: ಭಾರತಕ್ಕೆ ಅಂಟಿದ ರೋಗವೆಂದರೆ ಭ್ರಷ್ಟಾಚಾರ.

ಈ ಕಾಯ್ದೆಯಲ್ಲಿ ಇನ್ನೊಂದು ಗಮ್ಮತ್ತಿದೆ. ದುಡ್ಡು ಕೊಟ್ಟವನು ನಾನು, ಆಸ್ತಿ ನನ್ನದು ಅಂತ ಕೋರ್ಟಿನಲ್ಲಿ ದಾವೆ ಹೂಡುವ ಹಕ್ಕೂ ಇಲ್ಲ. ಭಾವಮೈದ ಒಂದು ದಿನ ಬೆಳಿಗ್ಗೆ ಎದ್ದು ‘ಯಾವ ಭಾವ? ಯಾವ ಡಾಲರ್?’ ಅಂದರೆ ಮುಗಿಯಿತು. ನಮ್ಮ ಕಡೆ ಹಾಗೆ ಅಂದವರಿದ್ದಾರೆ. ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಈಗ ‘ಪೂರ್ವಜರ ಭೂಮಿ’ಗೆ ಬರೋಣ. ‘ಅದು ನಮ್ಮಜ್ಜನ ಜಮೀನು, ವಾಪಸು ತಗೋಬೇಕು’ ಅನ್ನುವಾಗ ಗಂಟಲು ಗದ್ಗದವಾಗುತ್ತದೆ. ಹೋದದ್ದು ಹೇಗೆ ಅಂತ ಕೇಳಿ. ‘ಟೆನೆನ್ಸಿ ಆಕ್ಟ್‌ನಲ್ಲಿ ಹೋಯ್ತು.’ ಮನೆಗೆ ಕನ್ನ ಬಿದ್ದವರ ದನಿ.

ಸಾಗರ ತಾಲ್ಲೂಕಿನವರಿಗೆ ಈ ಕತೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೂಟಿನವರಿಗೆ ಹೇಳಬೇಕಾಗಿದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ. ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ನಮೂನೆ 7 ತುಂಬಿ ಕೊಟ್ಟ ಗೇಣಿದಾರ ತಾನು ಉಳುತ್ತಿದ್ದ ನೆಲಕ್ಕೆ ಒಡೆಯನಾದ. ಒಂದೆರಡು ಎಕರೆ ಇದ್ದ ವಿಧವೆಯರದ್ದೂ ಆ ಗಾಳಿಯಲ್ಲಿ ಹೋಯಿತು, ನಿಜ; ಅದನ್ನು ಸರಿಯೆನ್ನುವವನು ನಾನಲ್ಲ. ಆದರೆ ಈ ಮೊಮ್ಮಕ್ಕಳ ಗದ್ಗದ ಆ ವಿಧವೆಯರಿಗಾಗಿ ಅಲ್ಲ.

ಆ ಗೇಣಿದಾರನ ಮೊಮ್ಮಗ ಈಗ ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಊರಿನಲ್ಲಿ ಅಪ್ಪ ಒಬ್ಬನೇ. ಎಲೆಚುಕ್ಕಿ ರೋಗಕ್ಕೆ ತೋಟದ ಸೋಗೆ ಸುಟ್ಟ ಬಣ್ಣಕ್ಕೆ ತಿರುಗಿದೆ. ಎಳನೀರು ಮಂಗನಿಗೆ, ಬಾಳೆಗೊನೆ ಮಂಗನಿಗೆ. ಕೊನೆ ಕೊಯ್ಯಲು ಮರ ಹತ್ತುವವರಿಗೆ ವಾರ ಮೊದಲೇ ಕಾದು ನಿಲ್ಲಬೇಕು. ಕೊಳ್ಳುವವರು ಸಿಕ್ಕರೆ ಕೊಟ್ಟುಬಿಡುವ ಸ್ಥಿತಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಸರ್ಕಾರ ಕಿತ್ತು ಹಾಕಿತು. ಕೊಳ್ಳುವವನು ಕೃಷಿಕನಾಗಿರಬೇಕು ಅನ್ನುವ ಕಟ್ಟೂ ಹೋಯಿತು. ಮತ್ತೆ ಅದೇ ಭಾವಮೈದ ಮುಂದೆ ಬರುತ್ತಾನೆ. ಅಜ್ಜ ಕಾನೂನಿನ ಪ್ರಕಾರ ಕಳೆದುಕೊಂಡದ್ದನ್ನು ಮೊಮ್ಮಗ ಕಾನೂನು ತಪ್ಪಿಸಿ ಪಡೆಯುತ್ತಾನೆ.

ನೋಂದಣಿಯಾದ ಮೇಲೆ ತೋಟ ನೋಡಿಕೊಳ್ಳಲು ಆಳು ಬೇಕಲ್ಲ? ಮಾರಿದ ಮುದುಕನನ್ನೇ ಇಟ್ಟುಕೊಳ್ಳುತ್ತಾರೆ. ತಿಂಗಳ ಸಂಬಳ. ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ತೋಟದ ವಿಡಿಯೊ ಕಳಿಸಬೇಕು. ಮನೆಯನ್ನು ಹಳೆಯ ವೈಭವಕ್ಕೆ ಮರಳಿ ತರುತ್ತೇವೆ ಅಂದಿದ್ದರು. ಮಾತಿಗೆ ತಪ್ಪಲಿಲ್ಲ.

ಜಮೀನು ಹೋದರೂ ಮನೆ ಉಳಿದ ಕುಟುಂಬಗಳ ಕತೆ ಇನ್ನೊಂದು ಬಗೆಯದು. ಅಲ್ಲಿ ಕೊಳ್ಳುವುದು ಅಂದರೆ ಪಾಲುದಾರರನ್ನು ಬಿಡಿಸಿಕೊಳ್ಳುವುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಮಗಳಿಗೂ ಮಗನಷ್ಟೇ ಪಾಲು ಅಂತಾಯಿತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ ಮಗಳನ್ನು ಕರಾಟೆಗೂ ಕೋಡಿಂಗ್‌ಗೂ ಕಳಿಸಿ ‘ನಮಗೆ ಗಂಡು ಹೆಣ್ಣು ಭೇದವಿಲ್ಲ’ ಅನ್ನುವ ಮನುಷ್ಯ ಈ ಎರಡು ಇಸವಿಗಳನ್ನು ಕೇಳಿದರೆ ಬೆವರುತ್ತಾನೆ.

ಹಕ್ಕು ಬಿಡುಗಡೆ ಪತ್ರದ ದಿನ ಹೋಗಿ ನೋಡಬೇಕು. ಎಪ್ಪತ್ತು ದಾಟಿದ ಅತ್ತೆಯಂದಿರನ್ನು ಇನ್ನೋವಾದಲ್ಲಿ ಕರೆತಂದಿರುತ್ತಾರೆ. ಒಬ್ಬರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುತ್ತಾರೆ. ಕ್ಯಾಮೆರಾ ಮುಂದೆ ತಲೆಗೆ ಸೆರಗು ಹೊದ್ದರೆ ಆಪರೇಟರ್ ತೆಗೆಯಿರಿ ಅನ್ನುತ್ತಾನೆ. ಪಾತ್ರೆ ತಿಕ್ಕಿ ಸವೆದ ಬೆರಳನ್ನು ಯಂತ್ರ ಗುರುತು ಹಿಡಿಯುವುದಿಲ್ಲ. ಒರೆಸಿ ಒತ್ತು, ಇನ್ನೊಂದು ಬೆರಳು ಒತ್ತು, ಮತ್ತೆ ಒತ್ತು. ‘ಇದು ಎಂಥ ಕಾಗದ ಅಪ್ಪಿ?’ ಅಂತ ಅತ್ತೆ ಕೇಳುತ್ತಾರೆ. ‘ಏನಿಲ್ಲ ಅತ್ತೆ, ಮನೆ ರಿಪೇರಿದು.’ ಹೊರಗೆ ಬಂದ ಮೇಲೆ ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಒಂದು ಕವರು. ಹೋಟೆಲಿನಲ್ಲಿ ಮಸಾಲೆ ದೋಸೆ. ‘ತವರಿನ ಬಾಗಿಲು ನಿಮಗೆ ಯಾವತ್ತೂ ತೆರೆದಿರುತ್ತೆ ಅತ್ತೆ.’

ಹನ್ನೊಂದು ತಿಂಗಳು ಬೀಗ ಹಾಕಿರುವ ಬಾಗಿಲು ಅದು. ಬೀಗ ತೆಗೆಯಲು ಅಮೆರಿಕದಿಂದ ಮೊಬೈಲ್ ಒತ್ತಬೇಕು.

ಇನ್ನು ಊರಿನಲ್ಲೇ ಉಳಿದ ಚಿಕ್ಕಪ್ಪ. ಪ್ರತಿ ಬೇಸಿಗೆ ಹಂಚು ಕೈಯಾಡಿಸಿದವನು, ಗೆದ್ದಲು ಕೆರೆದವನು, ಅಜ್ಜಿ ಮಲಗಿದ್ದಲ್ಲೇ ಆದಾಗ ಮೂರು ವರ್ಷ ಬಳಿದವನು. ಅವನಿಗೆ ಕೇಳುವ ಮೊದಲ ಪ್ರಶ್ನೆ: ‘ಇಷ್ಟು ವರ್ಷದ ಅಡಿಕೆ ಲೆಕ್ಕ ಏನಾದ್ರೂ ಇಟ್ಟಿದ್ದೀರಾ?’

ಈ ಜನರ ಸೌಂದರ್ಯಪ್ರಜ್ಞೆ ಬೇರೆ ನಮ್ಮ ತಲೆಯ ಮೇಲೆ ಕೂತಿದೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ತುಮರಿ ಕಡೆಯ ಜನ ಇದಕ್ಕಾಗಿ ದಶಕಗಳ ಕಾಲ ಅರ್ಜಿ ಕೊಟ್ಟು, ಧರಣಿ ಕೂತು ಮುದುಕರಾದರು. ಬೂಟಿನವರಿಗೆ ದುಃಖ. ‘ಲಾಂಚ್‌ನಲ್ಲಿ ಹೋಗೋ ಮಜಾನೇ ಬೇರೆ ಇತ್ತು, ಎಲ್ಲ ಹಾಳು ಮಾಡ್ಬಿಟ್ರು.’ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೆರಿಗೆ ನೋವಿನ ಹೆಂಗಸನ್ನು ಕಾಡು ದಾರಿಯಲ್ಲಿ ಸುತ್ತು ಹಾಕಿಸಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚ್‌ಗೆ ವಾಹನ ಹತ್ತಿಸುತ್ತಿರಲಿಲ್ಲ. ಅದು ಮಜಾ. ಇವರ ಮಕ್ಕಳು ಹುಟ್ಟಿದ್ದು ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ, ಸಿಗಂದೂರಿನ ದಂಡೆಯಲ್ಲಲ್ಲ.

ಆ ಹಿನ್ನೀರು ಬಂದದ್ದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ. ಅದರ ಅಡಿ ಇರುವುದೂ ಅಜ್ಜಂದಿರ ಮನೆಗಳೇ. ರಾಜ್ಯಕ್ಕೆ ದೀಪ ಹಚ್ಚಲು ಮುಳುಗಿದವು. ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಇವತ್ತಿಗೂ ಹಕ್ಕುಪತ್ರವಿಲ್ಲ. ಕಾಗದದಲ್ಲಿ ಅವರ ಅಂಗಳವೆಲ್ಲ ಅರಣ್ಯ. ಬೇರು ಹುಡುಕುವವರು ಆ ಕಡೆ ಸುಳಿಯುವುದಿಲ್ಲ. ಹಿನ್ನೀರು ಕಾಣುವ ಜಾಗಕ್ಕೆ ಮಾತ್ರ ಬ್ರೋಕರ್ ರೇಟು ಏರಿಸಿದ್ದಾನೆ.

ನಮ್ಮವರೇನೂ ಕಮ್ಮಿಯಿಲ್ಲ. ಇಲ್ಲಿ ಈಗ ಒಂದೇ ಜಾಗಕ್ಕೆ ಮೂರು ರೇಟು: ಊರಿನ ರೇಟು, ಬೆಂಗಳೂರಿನ ರೇಟು, ಡಾಲರ್ ರೇಟು. ಅಸಲಿಗೆ ಊರಿನ ರೇಟಿಗೆ ಯಾರೂ ಮಾರುವುದಿಲ್ಲ. ಹಾಗಾಗಿ ಊರಿನ ಹುಡುಗ ಮದುವೆಯಾಗಿ ಬೇರೆ ಮನೆ ಮಾಡಬೇಕೆಂದರೆ ಮೂರು ಗುಂಟೆಯೂ ಸಿಗದು. ಇ-ಸ್ವತ್ತು ಅರ್ಜಿ ಊರಿನವನದಾದರೆ ಸರ್ವರ್ ಡೌನ್. ಡಾಲರಿನದಾದರೆ ಸರ್ವರ್‌ಗೆ ಜೀವ ಬರುತ್ತದೆ. ಪಂಚಾಯಿತಿ ಮೆಂಬರು ಕಾರಿನ ಬಾಗಿಲು ತೆರೆದು ಹಿಡಿಯುತ್ತಾನೆ. ‘ಇಂಥವರು ಬಂದ್ರೆ ಊರು ಉದ್ಧಾರ ಆಗ್ತದೆ’ ಅನ್ನುತ್ತಾನೆ. ಅವನ ಮನೆಯ ಮುಂಡಿಗೆಗಳು ಹಳೆ ಮರದ ವ್ಯಾಪಾರಿಗೆ ಮಾರಾಟವಾಗಿ ಯಾವುದೋ ರೆಸಾರ್ಟಿನಲ್ಲಿ ನಿಂತಿವೆ. ಅವನು ಆರ್‌ಸಿಸಿ ಹಾಕಿಸಿಕೊಂಡಿದ್ದಾನೆ.

ಮೊದಲ ಎರಡು ವರ್ಷ ಭಕ್ತಿ. ಮೂರನೇ ವರ್ಷ ಹೋಮ್‌ಸ್ಟೇ. ಖಾಲಿ ಬಿಡುವುದೇಕೆ ಅಂತ ಮನಸ್ಸು ಬದಲಾಗುತ್ತದೆ. ಅಜ್ಜನ ಫೋಟೊ ಬುಕಿಂಗ್ ಆ್ಯಪ್ ಸೇರುತ್ತದೆ. ದೇವರ ಕೋಣೆಗೆ ಮೆಡಿಟೇಷನ್ ರೂಮ್ ಅಂತ ಬೋರ್ಡು ಬೀಳುತ್ತದೆ. ‘ಕಾಡಿನಲ್ಲಿ ಮುಂಜಾನೆ ನಡಿಗೆ’ ಅಂತ ಜಾಹೀರಾತು. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಕಂಡದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, 1957ರಲ್ಲಿ. ಉಣುಗು ಕಚ್ಚಿ ಬರುವ ಆ ಜ್ವರದ ಕಾಲವೂ ಡಿಸೆಂಬರಿನಿಂದ ಬೇಸಿಗೆಯವರೆಗೆ. ಜಾಹೀರಾತಿನಲ್ಲಿ ಅದಕ್ಕೆ ಜಾಗವಿಲ್ಲ. ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗುವವರಿಗೆ ಮಾತ್ರ ಬರುವ ಕಾಯಿಲೆ ಅಂದುಕೊಂಡಿರಬೇಕು.

ದಾನ ಮಾಡುವುದಿಲ್ಲ ಅಂತ ನಾನು ಹೇಳಲಾರೆ. ಊರಿನ ಸರ್ಕಾರಿ ಶಾಲೆಗೆ ದೊಡ್ಡ ಟಿವಿ ಕೊಟ್ಟರು. ಟಿವಿಗಿಂತ ದೊಡ್ಡದಾಗಿ ಅಜ್ಜನ ಹೆಸರು. ಶಾಲೆಯಲ್ಲಿ ಮಕ್ಕಳು ಎರಡು ಬೆಂಚಿಗೆ ಸಾಕಾಗುವಷ್ಟಿದ್ದಾರೆ. ಉಳಿದ ಮನೆಗಳಲ್ಲಿ ಮಕ್ಕಳಿಲ್ಲ, ಬೀಗವಿದೆ.

ಈಗ ಹೊಸದೊಂದು ಶುರುವಾಗಿದೆ. ಊರ ದೇವಸ್ಥಾನದ ವಾರ್ಷಿಕೋತ್ಸವ ಚೈತ್ರದಲ್ಲಿ. ಆಗ ಅಲ್ಲಿ ಮಕ್ಕಳಿಗೆ ಪರೀಕ್ಷೆಯಂತೆ, ಬರಲು ಆಗುವುದಿಲ್ಲವಂತೆ. ಕ್ರಿಸ್‌ಮಸ್ ರಜೆಗೆ ಹಾಕಿಕೊಂಡರೆ ಎಲ್ಲರೂ ಸೇರಬಹುದಲ್ಲ ಅಂತ ಒಂದು ವಿನಯದ ಸಲಹೆ ಬಂತು. ಕಮಿಟಿ ಸಭೆ ಕೂತಿತು. ದೇವಸ್ಥಾನದ ಚಾವಣಿಗೆ ಶೀಟು ಹಾಕಿಸಿಕೊಟ್ಟವರ ಮಾತು ತೆಗೆದುಹಾಕುವುದು ಹೇಗೆ? ಭಟ್ಟರು ಪಂಚಾಂಗ ತಿರುವಿ, ಧನುರ್ಮಾಸವೇ ಆದರೂ ದೇವರ ಕೆಲಸಕ್ಕೆ ದೋಷವಿಲ್ಲ ಅಂದರು. ದೇವರೂ ಒಪ್ಪಿದ್ದಾನೆ ಅಂತಾಯಿತು. ಶಾಮಿಯಾನದವನೊಬ್ಬ ಒಪ್ಪಿಲ್ಲ. ಮದುವೆ ಇಲ್ಲದ ತಿಂಗಳಲ್ಲಿ ಅರ್ಧ ರೇಟಿಗೆ ಬರುತ್ತಿದ್ದವನು, ಯಾರ ಖರ್ಚು ಅಂತ ವಿಚಾರಿಸಿಕೊಂಡು, ಡಬಲ್ ಹೇಳಿದ್ದಾನೆ.