ಬೆನ್ನು ತೋರಿಸಿ ನೇತಾಡಿದ ಪಾಸು

ತುಮಕೂರು ರಸ್ತೆ ಕಡೆ ಮೊನ್ನೆ ಒಂದು ಇಂಟೀರಿಯರ್ ಮೇಳ ಮುಗಿಯಿತು. ವಿದ್ಯಾರ್ಥಿಗಳಿಗೆ ಕೊನೆಯ ದಿನ ಮಾತ್ರ, ಅದೂ ಊಟದ ಹೊತ್ತು ಕಳೆದ ಮೇಲೆ ಪ್ರವೇಶ ಎಂಬ ನಿಯಮಕ್ಕೆ ಗಲಾಟೆ ಎದ್ದಿತು. ಸಂಘಟಕರು ಹೇಳಿಕೆ ಕೊಟ್ಟರು, ಕಾಲೇಜಿನವರು ಕೊಟ್ಟರು, ಮೇಳಕ್ಕೆ ಹೋಗದವರು ಎಲ್ಲರಿಗಿಂತ ಉದ್ದಕ್ಕೆ ಕೊಟ್ಟರು. ವಿದ್ಯಾರ್ಥಿಯ ಕೊರಳಲ್ಲಿ ನೇತಾಡಿದ ಪಾಸನ್ನು ಮಾತ್ರ ಯಾರೂ ಮಾತಾಡಿಸಲಿಲ್ಲ. ಇಂಟೀರಿಯರ್ ಡಿಸೈನ್ ಡಿಪ್ಲೊಮಾ ಓದುತ್ತಿರುವ ನನ್ನ ಅಕ್ಕನ ಮಗಳು ಅದನ್ನು ನಮ್ಮ ಮನೆಯ ಕೀಲಿಕೈ ಮೊಳೆಗೆ ಸಿಕ್ಕಿಸಿ ಪಿ.ಜಿ.ಗೆ ಹೋಗಿದ್ದಳು. ಹಳದಿ ಬಣ್ಣ, ಅಂಗೈ ಅಗಲ, ದಾರದ ತುಂಬ ಯಾವುದೋ ಗೋಂದಿನ ಜಾಹೀರಾತು.

ನಾನು: ನಮಸ್ಕಾರ. ಮೇಳ ಹೇಗಿತ್ತು?

ಪಾಸು: ನನ್ನ ಕೇಳ್ತೀರಾ ಸಾರ್? ನನ್ನ ಮುಖ ಪೂರ್ತಿ ಹೊತ್ತು ನಿಮ್ಮ ಹುಡುಗಿಯ ಕುರ್ತಾ ಕಡೆಗಿತ್ತು. ಗೇಟು ದಾಟಿ ಎರಡನೇ ಸ್ಟಾಲಿಗೆ ಬರೋ ಹೊತ್ತಿಗೆ ತಿರುಗಿಸಿಬಿಟ್ಟಳು. ಜನಕ್ಕೆ ಕಂಡಿದ್ದು ನನ್ನ ಬೆನ್ನು.

ನಾನು: ಯಾಕೆ?

ಪಾಸು: ನನ್ನ ಮೇಲೆ ‘ವಿದ್ಯಾರ್ಥಿ’ ಅಂತ ಬರೆದಿತ್ತಲ್ಲ! ಆರ್ಕಿಟೆಕ್ಟಿಗೆ ನೀಲಿ, ಡೀಲರಿಗೆ ಹಸಿರು, ನಮಗೆ ಹಳದಿ. ಸ್ಟಾಲಿನವರು ಮೊದಲು ಎದೆ ಮಟ್ಟ ನೋಡ್ತಾರೆ, ಆಮೇಲೆ ಮುಖ ನೋಡಬೇಕೋ ಬೇಡವೋ ಅಂತ ತೀರ್ಮಾನ. ನೀಲಿ ಬಂದರೆ ಕುರ್ಚಿ, ಕಾಫಿ, ಗೋಡಂಬಿ. ಹಸಿರು ಬಂದರೆ ಮಾಲೀಕರೇ ಎದ್ದು ಬರ್ತಾರೆ. ಹಳದಿ ಬಂದರೆ ಮೇಜಿನ ಮೇಲಿನ ಚಾಕಲೇಟು ಬಟ್ಟಲು ಕೆಳಗೆ ಹೋಗುತ್ತೆ. ಲ್ಯಾಮಿನೇಟ್ ತುಂಡು ಕೇಳಿದಳು ಸಾರ್, ಮೆಟೀರಿಯಲ್ ಬೋರ್ಡ್ ಮಾಡಬೇಕು ಅಂತ. ಬಿಸ್ಕತ್ತಿನಷ್ಟು ತುಂಡು. “ಮುಗಿದಿದೆ ಮೇಡಂ” ಅಂದರು. ಪಕ್ಕದಲ್ಲೇ ಪೆಟ್ಟಿಗೆ ತುಂಬ ಇತ್ತು.

ನಾನು: ಬೆನ್ನು ತೋರಿಸುತ್ತಿದ್ದಿರಿ ಅಂದಿರಿ. ಪೆಟ್ಟಿಗೆ ಹೇಗೆ ಕಂಡಿತು?

ಪಾಸು: ಎ.ಸಿ. ಗಾಳಿಗೆ ಆಗಾಗ ತಿರುಗ್ತಿದ್ದೆ. ಸತ್ಯ ಹೇಳೋಕೆ ನನಗೆ ಸಿಕ್ಕಿದ್ದು ಅಷ್ಟೇ ಅವಕಾಶ.

ನಾನು: ಸರಿ. ಒಂದು ಮುಖ್ಯ ಪ್ರಶ್ನೆ. ಅಷ್ಟು ಸ್ಟಾಲುಗಳಲ್ಲಿ ಎಲ್ಲಾದರೂ ಒಂದು ಹೊಸ್ತಿಲು ಕಂಡಿತೇ?

ಪಾಸು: ಏನು?

ನಾನು: ಹೊಸ್ತಿಲು. ಬಾಗಿಲ ಕೆಳಗೆ ಅಡ್ಡಕ್ಕೆ ಇರುತ್ತಲ್ಲ, ಅರಿಸಿನ ಕುಂಕುಮ ಹಚ್ಚುವುದು. ಈಗಿನ ಫ್ಲ್ಯಾಟುಗಳಲ್ಲಿ ಒಳಗೂ ಹೊರಗೂ ಒಂದೇ ಸಮ ಟೈಲ್ಸು. ನೆಲ ಗುಡಿಸುವ ರೋಬೋಟಿಗೆ ತೊಡಕಾಗುತ್ತದಂತೆ! ಹಿರಣ್ಯಕಶಿಪುವಿಗೆ ಒಳಗೂ ಸಾವಿಲ್ಲ, ಹೊರಗೂ ಸಾವಿಲ್ಲ ಅಂತ ವರ ಇತ್ತು. ನರಸಿಂಹ ಹೊಸ್ತಿಲ ಮೇಲೆ ಕೂತು ಕೆಲಸ ಮುಗಿಸಿದ. ಇವತ್ತು ಬಂದರೆ ಎಲ್ಲಿ ಕೂರಬೇಕು?

ಪಾಸು: ವಿಸಿಟರ್ ಲೌಂಜಿನಲ್ಲಿ ಕೂರಬಹುದು ಸಾರ್, ನೀಲಿ ಪಾಸು ಇದ್ದರೆ. ನಾನು ಹೇಳ್ತಿದ್ದೆನಲ್ಲ, ಬೆನ್ನು ತಿರುಗಿಸಿದ್ದು...

ನಾನು: ಮೇಳ ನಡೆದ ಮಾದಾವರದ ತನಕ ಮೆಟ್ರೊ ದರ, ಒಳಗೆ ಊಟದ ಬೆಲೆ, ಕಾಲು ನೋವು, ಇವೆಲ್ಲ?

ಪಾಸು: ಅವೆಲ್ಲ ಇರುತ್ತೆ ಬಿಡಿ. ನನ್ನ ಬೆನ್ನ ಮೇಲೆ ಏನಿತ್ತು ಗೊತ್ತಾ? ಶೌಚಾಲಯಕ್ಕೆ ದಾರಿ ತೋರಿಸೋ ನಕ್ಷೆ. ನೀಟಾಗಿ ಹೆಸರು, ಕಾಲೇಜು, ಊರು ಅಚ್ಚಾಗಿರೋ ಮುಖ ಒಳಗೆ; ಶೌಚಾಲಯ ಹೊರಗೆ. ಇಬ್ಬರು ಅವಳ ಎದುರು ಬಗ್ಗಿ ನಕ್ಷೆ ನೋಡಿಕೊಂಡು ಥ್ಯಾಂಕ್ಸ್ ಹೇಳಿ ಹೋದರು.

ನಾನು: ಪಾಪ. ಕಲಿಯೋದಕ್ಕಂತೂ ಬೇಕಾದಷ್ಟು ಸಿಕ್ಕಿರಬೇಕು?

ಪಾಸು: ಅಯ್ಯೋ, ಟಿ.ವಿ. ಹಿಂದಿನ ಗೋಡೆಗೆ ಉದ್ದುದ್ದ ಗೀರಿನ ಫ್ಲೂಟೆಡ್ ಪ್ಯಾನೆಲ್ ಸಿಕ್ಕಿತು. ಮುಂದಿನ ಸ್ಟಾಲಿನಲ್ಲೂ ಅದೇ. ಅದರ ಮುಂದಿನದರಲ್ಲಿ ಅದಕ್ಕೇ ‘ಜಪಾಂಡಿ’ ಅಂತ ಹೆಸರಿಟ್ಟು ಬೆಲೆ ಏರಿಸಿದ್ದರು. ತೇಗದ ಹಾಗೆ ಕಾಣೋ ಕಾಗದ, ಕಲ್ಲಿನ ಹಾಗೆ ಕಾಣೋ ಪ್ಲಾಸ್ಟಿಕ್ಕು, ಸಿಮೆಂಟಿನ ಹಾಗೆ ಕಾಣೋ ಟೈಲು. ಬಡಿದರೂ ಸದ್ದಾಗದ ಬಾಗಿಲು ಅಂತ ಒಬ್ಬರು ಹತ್ತು ಸಲ ತೆಗೆದು ಹಾಕಿ ತೋರಿಸಿದರು. ಸಂಸಾರದಲ್ಲಿ ಸಿಟ್ಟು ಬಂದಾಗ ಏನು ಮಾಡಬೇಕೋ!

ನಾನು: ಆ ಬಾಗಿಲಿಗೆ ಹೊಸ್ತಿಲು?

ಪಾಸು: ಅದು ಅಡುಗೆ ಮನೆ ಕಪಾಟಿನ ಬಾಗಿಲು ಸಾರ್.

ನಾನು: ಇರಲಿ. ಹುಡುಗಿ ಏನಾದರೂ ಕೇಳಿದಳೋ, ಬರೀ ಸೆಲ್ಫಿಯೋ?

ಪಾಸು: ಸೆಲ್ಫಿ ಕಾಲೇಜಿನವರಿಗೆ ಸಾಕ್ಷಿ, ಫೋಟೊ ಇಲ್ಲದಿದ್ದರೆ ರಿಪೋರ್ಟಿಗೆ ಮಾರ್ಕ್ಸ್ ಇಲ್ಲ. ಕೇಳಿದ್ದೂ ಉಂಟು. ಎಂ.ಡಿ.ಎಫ್. ಹಲಗೆ ಸ್ಟಾಲಿನಲ್ಲಿ ಕಣ್ಣು ಉರೀತಿತ್ತು ಅವಳಿಗೆ. ಆ ಹಲಗೆಯ ಮರದ ನಾರನ್ನ ಹಿಡಿದಿಡೋದು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಅದರಿಂದ ಗಾಳಿಗೆ ಬಿಡೋ ಫಾರ್ಮಾಲ್ಡಿಹೈಡನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ. ಕ್ಲಾಸಿನಲ್ಲಿ ಓದಿದ್ದಳು. “ಇದು ಇ-ಒನ್ನೋ, ಇ-ಜೀರೊನೋ?” ಅಂತ ಫಾರ್ಮಾಲ್ಡಿಹೈಡ್ ಬಿಡೋ ಮಟ್ಟದ ದರ್ಜೆ ಕೇಳಿದಳು. “ಹಿಂಜು ಜರ್ಮನ್ ಮೇಡಂ” ಅಂದರು. ನನ್ನನ್ನು ತಿರುಗಿಸಿ ನೋಡಿದರು, ಹಳದಿ ಕಂಡಿತು, ಮಾತು ಮುಗಿಯಿತು.

ನಾನು: ಅಡುಗೆ ಕಟ್ಟೆಯ ಕಲ್ಲು ನೋಡಿದಿರಾ? ನಮ್ಮ ಮನೆಗೂ ಆ ಬಿಳಿ ಕ್ವಾರ್ಟ್ಜ್ ಹಾಕಿಸು ಅನ್ನುತ್ತಿದ್ದಾರೆ. ಹೊಸ್ತಿಲಿಗೂ ಅದೇ ಒಂದು ಪಟ್ಟಿ ಕೊಯ್ಸಬಹುದೇನೋ...

ಪಾಸು: ಕೊಯ್ಯೋರು ಯಾರು?

ನಾನು: ಯಾರೋ ಒಬ್ಬ ಕೆಲಸದವನು ಬರುತ್ತಾನೆ.

ಪಾಸು: ಅದನ್ನೇ ಅವಳೂ ಕೇಳಿದ್ದು. ಕೇಳಿ ಸಾರ್, ಈಗ ತಮಾಷೆ ಬೇಡ. ಆ ಕಲ್ಲು ನೆಲದಿಂದ ಅಗೆದ ಕಲ್ಲಲ್ಲ. ಪುಡಿ ಮಾಡಿದ ಕ್ವಾರ್ಟ್ಜನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ. ಅದರಲ್ಲಿ ಸಿಲಿಕಾ ನೂರಕ್ಕೆ ತೊಂಬತ್ತರ ಹತ್ತಿರ ಇರಬಹುದು, ಗ್ರಾನೈಟಿಗಿಂತ ಬಹಳ ಹೆಚ್ಚು. ನೀರು ಬಿಡದೆ ಒಣಗಿದ್ದ ಹಾಗೇ ಗ್ರೈಂಡರ್ ಹಾಕಿದರೆ ಏಳೋ ಧೂಳಿನ ತೀರ ಸಣ್ಣ ಕಣಗಳು ಕಣ್ಣಿಗೂ ಕಾಣಲ್ಲ, ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತವೆ. ಸಿಲಿಕೋಸಿಸ್. ಬಂದರೆ ವಾಸಿಯಾಗೋ ಔಷಧ ಇಲ್ಲ. ಆಸ್ಟ್ರೇಲಿಯಾದಲ್ಲಿ ಕಲ್ಲು ಕೊಯ್ಯೋ ಹರೆಯದ ಹುಡುಗರಿಗೆ ಬಂತು. 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿದರು. ನಮ್ಮಲ್ಲೂ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೇ ಸಿಲಿಕೋಸಿಸ್ ಹೆಸರಿತ್ತು, ಬಂದರೆ ವರದಿ ಮಾಡಲೇಬೇಕು ಅಂತ. ಐದನೇ ಮಹಡಿಯ ಬಾಲ್ಕನಿಯಲ್ಲಿ ಕೂತು ನಿಮ್ಮ ಸಿಂಕಿಗೆ ತೂತು ಕೊರೆಯೋ ಹುಡುಗನ ವರದಿ ಯಾರು ಮಾಡ್ತಾರೆ? ಮೂಗಿಗೆ ಟವೆಲ್ ಸುತ್ತಿಕೊಂಡಿರ್ತಾನೆ. ನೀವು ಧೂಳು ಬರುತ್ತೆ ಅಂತ ಒಳಗಿನಿಂದ ಗಾಜಿನ ಬಾಗಿಲು ಎಳ್ಕೊಂಡಿರ್ತೀರಿ. ಅವನ ಹೆಸರೂ ನಿಮಗೆ ಗೊತ್ತಿರಲ್ಲ. ಮೇಳದಲ್ಲಿ ಅವನಿಗೆ ಯಾವ ಬಣ್ಣದ ಪಾಸೂ ಇರಲಿಲ್ಲ ಸಾರ್. ಸ್ಟಾಲು ಕಟ್ಟೋ ಮೂರು ರಾತ್ರಿ ಒಳಗಿದ್ದ. ರಿಬ್ಬನ್ ಕತ್ತರಿಸೋ ದಿನ ಬೆಳಗ್ಗೆ ಹೊರಗೆ ಕಳಿಸಿದರು.

ನಾನು: ಸ್ಟಾಲಿನವರು ಅವಳಿಗೆ ಏನು ಉತ್ತರ ಕೊಟ್ಟರು?

ಪಾಸು: “ಕಲೆ ಹಿಡಿಯಲ್ಲ ಮೇಡಂ, ಹದಿನೈದು ವರ್ಷ ವಾರಂಟಿ.” ಕಲ್ಲಿಗೆ.

ಮುಂದಿನ ಪ್ರಶ್ನೆಯಾಗಿ ನನ್ನ ಚೀಟಿಯಲ್ಲಿ ‘ಹೊಸ್ತಿಲು: ಮರದ್ದೋ ಕಲ್ಲಿನದೋ’ ಎಂದು ಇತ್ತು. ಬಿಟ್ಟು ಮುಂದಕ್ಕೆ ಹೋದೆ.

ನಾನು: ಅವಳು ಇದನ್ನು ರಿಪೋರ್ಟಿನಲ್ಲಿ ಬರೆದಳೇ?

ಪಾಸು: ಒಂದು ಪುಟ ಬರೆದಳು. ಮೇಷ್ಟ್ರು ಓದಿ, ಇದು ‘ಟ್ರೆಂಡ್ಸ್’ ಅಧ್ಯಾಯಕ್ಕೆ ಹೊಂದಲ್ಲಮ್ಮ, ಬಣ್ಣಗಳ ಬಗ್ಗೆ ಬರಿ ಅಂದರು. ಬಣ್ಣಗಳ ಬಗ್ಗೆ ಬರೆದಳು: ನೀಲಿ, ಹಸಿರು, ಹಳದಿ.

ನಾನು: ಭೇಷ್! ಮಾರ್ಕ್ಸ್?

ಪಾಸು: ಇನ್ನೂ ಬಂದಿಲ್ಲ. ಸಾರ್, ನನ್ನದೊಂದು ಬೇಡಿಕೆ. ಮುಂದಿನ ವರ್ಷವಾದರೂ ಎರಡೂ ಕಡೆ ಮುಖ ಅಚ್ಚು ಹಾಕಿಸಲಿ. ಆಗ ಹೇಗೆ ತಿರುಗಿಸ್ತಾಳೆ ನೋಡೋಣ.

ನಾನು: ಬರೆಯುತ್ತೇನೆ. ಅಂದ ಹಾಗೆ, ಈ ಮೂಲೆಯಲ್ಲಿ ಚೌಕ ಚೌಕದ ಕಪ್ಪು ಗುರುತು ಇದೆಯಲ್ಲ, ಏನಿದು?

ಪಾಸು: ಕ್ಯೂ.ಆರ್. ಕೋಡು. ಮಾತಾಡದಿದ್ದರೂ ಸ್ಕ್ಯಾನ್ ಮಾತ್ರ ಬಿಡಲಿಲ್ಲ ಯಾವ ಸ್ಟಾಲಿನವರೂ. ಹೆಸರು, ಊರು, ಫೋನ್ ನಂಬರ್ ಎಲ್ಲ ಅವರಿಗೆ ಹೋಯಿತು.

ನಾನು: ಛೆ, ಇನ್ನು ಹುಡುಗಿಗೆ ದಿನಾ ಮಾಡ್ಯುಲರ್ ಕಿಚನ್ ಫೋನುಗಳು!

ಪಾಸು: ಅವಳಿಗ್ಯಾಕೆ ಸಾರ್? ರಿಜಿಸ್ಟ್ರೇಷನ್ನಿನಲ್ಲಿ ಕೊಟ್ಟಿರೋದು ನಿಮ್ಮ ನಂಬರು. ಸ್ವಂತ ಮನೆ ಇರೋರು, ಬಜೆಟ್ ಹದಿನೈದು ಲಕ್ಷ ಅಂತಾನೂ ತುಂಬಿದ್ದಾಳೆ.

ನಾನು: ಹದಿನೈದು ಲಕ್ಷ! ... ಹೊಸ್ತಿಲೂ ಸೇರಿ ತಾನೇ?